ಫಂಕ್ಷನ್ ಯಾವ ಪೇಜಲ್ಲಿದೆ ಪೆದ್ದಮ್ಮ?

ಹೋದ ತಿಂಗಳು ವಿಜಯವಾಡದ ಒಂದು ಕಲ್ಯಾಣಮಂಟಪದಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳನ್ನು ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಹಾಡಿದಳೇ? ಇಲ್ಲ. ಕುಣಿದಳೇ? ಅದೂ ಇಲ್ಲ. ಸುಮ್ಮನೆ ಕೂತಿದ್ದಳು, ಅಷ್ಟೆ.

‘ಎಂತ ಬುದ್ಧಿಗಾ ಕೂರ್ಚುಂದೋ ಚೂಡಂಡಿ!’ ಎಂದರು ನನ್ನ ಪಕ್ಕದ ಹೆಂಗಸು. ಎಷ್ಟು ಜಾಣೆಯ ಹಾಗೆ ಕೂತಿದ್ದಾಳೆ ನೋಡಿ ಅಂತ. ನಾನು ಹ್ಞೂಂ ಎಂದೆ. ನನಗೆ ಗೊತ್ತಿತ್ತು, ಆ ಹುಡುಗಿ ಹಾಗೆ ಕೂರುವವಳೇ ಅಲ್ಲ. ಅವಳು ನನ್ನ ತಂಗಿಯ ಮಗಳು.

ಹೆಸರು ಶಿರೀಷ. ನನ್ನ ತಂಗಿ ಸುಧಾ ತುಮಕೂರಿನಿಂದ ತೆಲುಗರ ಮನೆಗೆ ಮದುವೆಯಾಗಿ ಹೋದವಳು. ಗಂಡ ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಲ್ಲಿ ಸಣ್ಣ ಕಾಂಟ್ರಾಕ್ಟರ್. ನಾನು ವಿಶಾಖಪಟ್ಟಣದಲ್ಲಿ, ನಮ್ಮ ಯಜಮಾನರ ಬಂದರಿನ ಕೆಲಸದ ದೆಸೆಯಿಂದ (ಬಂದರಿನ ಧೂಳಿನ ಬಗ್ಗೆ ನನ್ನ ಗೊಣಗಾಟ ಓದಿ ಓದಿ ನಿಮಗೂ ಕೆಮ್ಮು ಬಂದಿರಬೇಕು). ಶಿರೀಷ ನನ್ನನ್ನು ಕರೆಯುವುದು ‘ಪೆದ್ದಮ್ಮ’ ಎಂದು. ತೆಲುಗಿನಲ್ಲಿ ದೊಡ್ಡಮ್ಮ. (ಕನ್ನಡದ ಕಿವಿಗೆ ಬೇರೆ ಥರ ಕೇಳಿಸುತ್ತದೆ. ಇರಲಿ, ಅದೂ ಪೂರ್ತಿ ಸುಳ್ಳಲ್ಲ.)

ಶಿರೀಷಳಿಗೆ ಆಟಿಸಂ. ಡಾಕ್ಟರು ಅದನ್ನು ಹೇಳುವ ಹೊತ್ತಿಗೆ ಅವಳಾಗಲೇ ಹೈಸ್ಕೂಲು ಸೇರಿದ್ದಳು. ಅಲ್ಲಿಯವರೆಗೆ ಹಟಮಾರಿ, ಗರ್ವಿಷ್ಠೆ, ಮುದ್ದು ಮಾಡಿ ಕೆಡಿಸಿದ ಮಗು ಅಂತೆಲ್ಲ ಬಿರುದುಗಳಿದ್ದವು. ಮಿಕ್ಸಿ ಹಾಕಿದರೆ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಾಳೆ. ಕೆನ್ನೆ ಚಿವುಟಿದರೆ ಕಚ್ಚುತ್ತಾಳೆ. ಆದರೆ ಓದುತ್ತಾಳೆ! ಕಥೆ, ಪೇಪರು, ಶಾಂಪೂ ಬಾಟಲಿಯ ಹಿಂಭಾಗ, ಯಾವುದಾದರೂ ಸರಿ. ಯಾವ ಪುಸ್ತಕವಾದರೂ ಕೊನೆಯ ಪುಟ ಮೊದಲು. ಏನಾಗುತ್ತದೆ ಅಂತ ಗೊತ್ತಿಲ್ಲದೆ ಮುಂದಕ್ಕೆ ಹೋಗಲು ಅವಳ ಕೈಲಿ ಆಗುವುದಿಲ್ಲ.

ಅವಳಂಥ ಹುಡುಗಿಯಿರುವ ಒಂದು ಟೀನೇಜ್ ಕಾದಂಬರಿ ಕೊಡೋಣ ಎಂದು ವೈಜಾಗಿನ ಪುಸ್ತಕದಂಗಡಿಗಳನ್ನೆಲ್ಲ ಸುತ್ತಿದೆ. ಕೈಗೆ ಸಿಕ್ಕಿದ್ದರಲ್ಲೆಲ್ಲ ಹುಡುಗರೇ. ಹುಡುಗಿಯರಿಗೆ ಆಟಿಸಂ ಇರುವುದೇ ಇಲ್ಲ ಅಂತ ಬರೆಯುವವರೆಲ್ಲ ಸೇರಿ ಮೀಟಿಂಗ್ ಮಾಡಿದ್ದಾರೇನು? ಕೊನೆಗೂ ಒಂದು ಸಿಕ್ಕಿತು. ಇಂಗ್ಲಿಷಿನದು. ಹೀರೋಯಿನ್‌ಗೆ ಹದಿನೈದು ವರ್ಷ. ಒಮ್ಮೆ ನೋಡಿದ ಮ್ಯಾಪ್ ಮರೆಯುವುದಿಲ್ಲ. ಕಳೆದುಹೋದ ಮಗುವನ್ನು ಪೊಲೀಸರಿಗಿಂತ ಮೊದಲು ಪತ್ತೆ ಹಚ್ಚುತ್ತಾಳೆ. ಕೊನೆಗೆ ಇಡೀ ಸ್ಕೂಲು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತದೆ.

ನನಗೇನೋ ಚೆನ್ನಾಗಿದೆ ಅನ್ನಿಸಿತು. ಪೋಸ್ಟಿನಲ್ಲಿ ಕಳಿಸಿದೆ.

ಅದಾದ ಸ್ವಲ್ಪ ದಿನಕ್ಕೆ ಸುಧಾ ಶಿರೀಷಳ ‘ಓಣೀಲ ಫಂಕ್ಷನ್’ ಗೊತ್ತು ಮಾಡಿದಳು. ದೊಡ್ಡವಳಾದ ಹುಡುಗಿಗೆ ಸೋದರಮಾವ ತಂದ ಲಂಗ ದಾವಣಿ ಉಡಿಸಿ, ಅಲಂಕಾರದ ಕುರ್ಚಿಯಲ್ಲಿ ಕೂರಿಸಿ, ಬಂಧುಬಳಗವೆಲ್ಲ ಅರಿಶಿನ, ಗಂಧ ಹಚ್ಚಿ ಅಕ್ಷತೆ ಹಾಕುವ ಸಮಾರಂಭ. ವಿಡಿಯೋ, ಮೈಕ್, ಊಟ, ಎಲ್ಲ ಒಂದು ಸಣ್ಣ ಮದುವೆಯ ಹಾಗೆ.

ನಾನು ಹಿಂದಿನ ದಿನವೇ ಹೋದೆ. ಶಿರೀಷ ಮಂಚದ ಮೂಲೆಯಲ್ಲಿ ಅದೇ ಪುಸ್ತಕ ಹಿಡಿದು ಕೂತಿದ್ದಳು.

‘ಪೆದ್ದಮ್ಮ, ಲಾಸ್ಟಲ್ಲಿ ಎಲ್ಲಾರೂ ಚಪ್ಪಾಳೆ ಹೊಡೀತಾರೆ. ಅವಳು ಯಾಕೆ ಕಿವಿ ಮುಚ್ಕೊಳ್ಳಲ್ಲ?’

ಹೌದಲ್ಲ! ಸದ್ದಾದರೆ ಆ ಹುಡುಗಿಗೆ ಪ್ರಾಣ ಹೋದಂತಾಗುತ್ತದೆ ಎಂದು ಅದೇ ಪುಣ್ಯಾತ್ಮ ಮೊದಲಲ್ಲಿ ಬರೆದಿದ್ದ. (ಚಪ್ಪಾಳೆ ಹೊಡೆಸುವ ಸಂಭ್ರಮದಲ್ಲಿ ಮರೆತಿರಬೇಕು.) ನನಗೆ ಹೊಳೆದಿರಲಿಲ್ಲ.

‘ಇವಳಿಗೂ ಫಿಫ್ಟೀನ್. ಫಂಕ್ಷನ್ ಯಾವ ಪೇಜಲ್ಲಿದೆ? ಎರಡು ಸಲ ಹುಡುಕಿದೆ.’

ಅವರ ದೇಶದಲ್ಲಿ ಮಾಡಲ್ಲ ಪುಟ್ಟಾ ಎಂದೆ. ಅವಳು ಪುಸ್ತಕ ಮುಚ್ಚಿದಳು.

‘ನಂಗೆ ಎಲ್ಲಾರೂ ಮುಟ್ಟೋದು ಒದ್ದು. ಅಮ್ಮಂಗೆ ಹೇಳು.’

ಒದ್ದು ಎಂದರೆ ಬೇಡ. ಹೇಳಿದೆ. ಸುಧಾ ಹೂವಿನವನ ಜೊತೆ ಚೌಕಾಸಿ ಮಾಡುತ್ತಿದ್ದವಳು ತಿರುಗಿ ಕೂಡ ನೋಡದೆ, ‘ಅದನ್ನ ನಾನು ನೋಡ್ಕೋತೀನಿ ಅಕ್ಕ, ನೀನು ಟೆನ್ಷನ್ ತಗೋಬೇಡ’ ಎಂದಳು. ನಾನು ನಂಬಿದೆ.

ಮಾರನೆಯ ದಿನ ಶಿರೀಷ ಕುರ್ಚಿಯಲ್ಲಿ ಕೂತಿದ್ದಳು. ಮೈಕಿನಲ್ಲಿ ಸಿನಿಮಾ ಹಾಡು. ಮುಖದ ಮೇಲೆ ವಿಡಿಯೋದವನ ಲೈಟು. ಹೆಂಗಸರು ಸಾಲಾಗಿ ಬಂದು ಕೆನ್ನೆಗೆ, ಕೊರಳಿಗೆ ಗಂಧ ಬಳಿದರು. ಕಚ್ಚಲಿಲ್ಲ. ಕಿವಿ ಮುಚ್ಚಲಿಲ್ಲ. ನನ್ನ ಸರದಿ ಬಂದಾಗ ಹತ್ತಿರದಿಂದ ನೋಡಿದೆ. ಕಣ್ಣು ಅರ್ಧ ತೆರೆದಿತ್ತು, ಅದರೊಳಗೆ ನಾನಿರಲಿಲ್ಲ. ಬಾಯಿಯ ತುದಿಯಲ್ಲಿ ಜೊಲ್ಲು. ಸುಧಾ ಸೆರಗಿನಿಂದ ಅದನ್ನು ಒರೆಸಿ ಕ್ಯಾಮೆರಾ ಕಡೆ ನಕ್ಕಳು.

ಸುಧಾಳನ್ನು ಅಡುಗೆಮನೆಯ ಹಿಂದಕ್ಕೆ ಎಳೆದುಕೊಂಡು ಹೋದೆ.

‘ಏನ್ ಕೊಟ್ಟೆ ಮಗೂಗೆ?’

‘ನಮ್ಮತ್ತೆ ನಿದ್ದೆ ಮಾತ್ರೆ. ಅರ್ಧ ಕೊಟ್ಟೆ. ಆಗ್ಲಿಲ್ಲ, ಇನ್ನರ್ಧ ಕೊಟ್ಟೆ.’

‘ಬುದ್ಧಿ ಇದೆಯೇನೇ ನಿಂಗೆ? ಯಾವ ಡಾಕ್ಟರನ್ನ ಕೇಳ್ದೆ?’

‘ನೀನು ಪುಸ್ತಕ ಓದಿ ಮಾತಾಡ್ತೀಯ ಅಕ್ಕ. ಫಂಕ್ಷನ್ ಮಾಡದೆ ಬಿಟ್ರೆ ಹುಡುಗೀಗೆ ಏನೋ ಐಬಿದೆ ಅಂತಾರೆ. ಇವಳ ತಂಗಿ ಚಿಕ್ಕೋಳು ಒಬ್ಬಳಿದಾಳಲ್ಲ, ನಾಳೆ ಅವಳನ್ನ ಯಾರು ಮಾಡ್ಕೋತಾರೆ? ಕಚ್ಚಿದ್ರೆ ನೀನು ಬರ್ತಿದ್ಯಾ ಉತ್ತರ ಕೊಡೋಕೆ?’

ನನಗೆ ಅವಳ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಒಳಗೆ ಹೋಗಿ ಶಿರೀಷಳ ಕುರ್ಚಿಯ ಪಕ್ಕ ನಿಂತೆ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಊಟದ ಹೊತ್ತಿನವರೆಗೂ ನೋಡುತ್ತಲೇ ಇದ್ದೆ.

ವೈಜಾಗಿಗೆ ಬಂದ ಮೇಲೆ ಆ ಸಿಟ್ಟಿನಲ್ಲಿ ಬೆಂಗಳೂರಿನ ಪ್ರಕಾಶಕರೊಬ್ಬರಿಗೆ ಫೋನ್ ಮಾಡಿದೆ. ಇಂಥ ಹುಡುಗಿಯ ಮೇಲೆ ಕನ್ನಡದಲ್ಲಿ ಒಂದು ಟೀನೇಜ್ ಕಾದಂಬರಿ ಬರೆಯುತ್ತೇನೆ, ಹಾಕುತ್ತೀರಾ?

‘ಖಂಡಿತ ಮೇಡಂ. ಹುಡುಗಿ ಟ್ಯಾಲೆಂಟ್ ಏನು?’

‘ಟ್ಯಾಲೆಂಟ್ ಏನೂ ಇಲ್ಲ ಸಾರ್. ಓದ್ತಾಳೆ, ತಿಂತಾಳೆ, ಮುಟ್ಟಿದರೆ ಕಚ್ತಾಳೆ.’

‘ಅಯ್ಯೋ, ಹಂಗಂದ್ರೆ ಹೆಂಗೆ! ಗಣಿತ, ಸಂಗೀತ, ಏನಾದ್ರೂ ಒಂದು ಇಡಿ. ಇಲ್ದಿದ್ರೆ ಓದೋರಿಗೆ ಅಯ್ಯೋ ಪಾಪ ಅಂತಾನಾದ್ರೂ ಅನ್ನಿಸ್ಬೇಕು.’

ಅಲ್ಲಿಗೆ ಮುಗಿಯಿತು. ಕಥೆಯಲ್ಲಿ ಇರಬೇಕಾದರೆ ಇವಳು ಒಂದೋ ಪವಾಡ ಮಾಡಬೇಕು, ಇಲ್ಲ ಕಣ್ಣೀರು ಹಾಕಿಸಬೇಕು. ಇಂಗ್ಲಿಷಿನವರು ಪವಾಡ ಮಾಡಿಸುತ್ತಾರೆ, ನಾವು ‘ದೇವರ ಮಗು’ ಎಂದು ಕಣ್ಣೊರೆಸಿಕೊಳ್ಳುತ್ತೇವೆ. ಇಬ್ಬರ ಕಥೆಯಲ್ಲೂ ಆ ಹುಡುಗಿ ಮುಟ್ಟಾಗುವುದಿಲ್ಲ. ಬ್ರಾ ಚುಚ್ಚುತ್ತದೆ ಎಂದು ಕಿತ್ತೆಸೆಯುವುದಿಲ್ಲ. ಬೇಡ ಎಂದು ಹೇಳಿದರೂ ಯಾರೂ ಅವಳ ಬಾಯಿಗೆ ಮಾತ್ರೆ ತುರುಕುವುದಿಲ್ಲ. ಮತ್ತೆ ಶಿರೀಷ ಯಾವ ಪುಟದಲ್ಲಿ ತನ್ನನ್ನು ಹುಡುಕಿಕೊಳ್ಳಬೇಕು?

ಇಷ್ಟು ಬರೆದು ಅಂಕಣ ಮುಗಿಸುವವಳಿದ್ದೆ. ಅಷ್ಟರಲ್ಲಿ ಮೊನ್ನೆ ಭಾನುವಾರ ಸುಧಾಳ ಫೋನ್ ಬಂತು. ದನಿಯಲ್ಲಿ ಹಬ್ಬ.

‘ಅಕ್ಕ, ಸಂಬಂಧ ತಾನಾಗೇ ಹುಡುಕ್ಕೊಂಡು ಬಂದಿದೆ! ಇವರ ಫ್ರೆಂಡ್ ಮನೇವ್ರು ಫಂಕ್ಷನ್ ಸೀಡಿ ನೋಡಿದ್ರಂತೆ. ಅಮ್ಮಾಯಿ ತುಂಬಾ ಸೈಲೆಂಟು, ನಮಗೆ ಅಂಥ ಹುಡುಗೀನೇ ಬೇಕು ಅಂದ್ರು. ಹುಡುಗ ನಿಮ್ಮ ವೈಜಾಗ್ ಹತ್ರಾನೇ, ಅಚ್ಯುತಾಪುರಂ ಫ್ಯಾಕ್ಟರೀಲಿ ಸೂಪರ್‌ವೈಸರ್. ಈಗಲ್ಲ, ಹದಿನೆಂಟು ತುಂಬಲಿ. ಮಾತು ಮಾತ್ರ ಆಡಿಟ್ಕೊಳ್ಳೋಣ ಅಂತಿದಾರೆ.’

‘ಅವಳ ವಿಷಯ ಹೇಳಿದೀಯಾ ಅವರಿಗೆ?’

‘ಹೇಳೋದೇನಕ್ಕ? ಸೀಡೀಲಿ ನೋಡಿದಾರಲ್ಲ.’

ಶಿರೀಷಳಿಗೆ ಫೋನ್ ಕೊಡು ಎಂದೆ. ಅವಳು ಟಿವಿಯಲ್ಲಿ ಅದೇ ಸೀಡಿ ನೋಡುತ್ತಿದ್ದಳಂತೆ, ಸೌಂಡ್ ಪೂರ್ತಿ ಮ್ಯೂಟ್ ಮಾಡಿಕೊಂಡು.

‘ಪೆದ್ದಮ್ಮ, ಸೀಡೀಲಿ ನಾನಿದೀನಿ. ಫಂಕ್ಷನ್‌ಗೆ ನಾನು ಬಂದಿರಲಿಲ್ಲ.’

ಅದಿಷ್ಟು ಹೇಳಿ ಫೋನಿಟ್ಟಳು. ಅವಳು ಸುಳ್ಳು ಹೇಳುವವಳಲ್ಲ.

ಒಂದು ಬೆಳಗ್ಗೆ ಸುಮ್ಮನೆ ಕೂರಿಸಲು ಒಂದು ಮಾತ್ರೆ ಬೇಕಾಯಿತು. ಸಂಸಾರ ಮಾಡಿಸಲು ಎಷ್ಟು ಬೇಕಾಗಬಹುದು?