ಅತ್ತೆಯ ದನಿಗೆ ಹೊಂದುವ ಮೈಕು

ನನ್ನ ಅತ್ತೆ ಶೀಲಾವತಿಗೆ ಬೈಯುವುದೇ ಉದ್ಯೋಗ. ಸುಮ್ಮನೆ ಹೇಳುತ್ತಿಲ್ಲ, ಅದಕ್ಕೆ ಸಂಬಳ ಬರುತ್ತದೆ. ಹಿಂದಿ ಧಾರಾವಾಹಿಯೊಂದು ಕನ್ನಡಕ್ಕೆ ಡಬ್ ಆಗಿ ಬರುತ್ತದಲ್ಲ, ಅದರಲ್ಲಿನ ಕೆಟ್ಟ ಅತ್ತೆಗೆ ಒಂಬತ್ತು ವರ್ಷದಿಂದ ಇವರದೇ ದನಿ. ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಕಾರ್ಕಳದಿಂದ ಮುಂಬಯಿಗೆ ಬಂದವರು. ಮಾವ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದರೆ ಇವರು ಕನ್ನಡ ಸಂಘದ ನಾಟಕಗಳಲ್ಲಿ ಕೂಗಿ ಕೂಗಿ ಗಂಟಲು ಪಳಗಿಸಿಕೊಂಡರು. ನಾಟಕ ನಿಂತಿತು, ಗಂಟಲು ನಿಲ್ಲಲಿಲ್ಲ.

ವಡಾಲದ ನಮ್ಮ ಎರಡು ಕೋಣೆಯ ಮನೆಯಲ್ಲಿ ಅವರ ರಿಹರ್ಸಲ್ ನಡೆಯುವುದು ನನ್ನ ಮೇಲೆ. ಯಾವುದು ಸಂಭಾಷಣೆ, ಯಾವುದು ನಿಜವಾದ ಬೈಗುಳ ಎಂದು ಮದುವೆಯಾಗಿ ಏಳು ವರ್ಷವಾದರೂ ನನಗೆ ತಿಳಿದಿಲ್ಲ. ಸಂಜೆ ಟಿವಿಯಲ್ಲಿ "ಏಯ್, ಎಲ್ಲಿ ಸತ್ತಿದ್ದೀಯೇ? ಬಾ ಇಲ್ಲಿ" ಎಂದು ಕೇಳಿದರೆ ಗ್ಯಾಸ್ ಆರಿಸಿ ಹಾಲ್‌ಗೆ ಓಡುತ್ತೇನೆ. ಅತ್ತೆ ಸೋಫಾದಲ್ಲಿ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿರುತ್ತಾರೆ. ಮೈಯೆಲ್ಲ ಉರಿಯುತ್ತದೆ ನನಗೆ.

ಕಳೆದ ತಿಂಗಳು, ಅತ್ತೆ ದನಿ ಕೊಡುತ್ತಿದ್ದ ಅಂಧೇರಿಯ ಸ್ಟುಡಿಯೊ ಮುಚ್ಚಿತು. ಇನ್ನು ಮನೆಯಿಂದಲೇ ರೆಕಾರ್ಡ್ ಮಾಡಿ ಕಳಿಸಿ, ಆದರೆ ದನಿ ಸ್ಟುಡಿಯೊದ ಹಳೆಯ ಮೈಕಿನಲ್ಲಿ ಕೇಳುತ್ತಿದ್ದ ಹಾಗೆಯೇ ಇರಬೇಕು, ಸೋಮವಾರದೊಳಗೆ ಸ್ಯಾಂಪಲ್ ಬೇಕು ಎಂದರು ಧಾರಾವಾಹಿಯವರು. ಹೊಂದದಿದ್ದರೆ ಪಾತ್ರ ಲಾವಣ್ಯಾ ಎಂಬ ಹೊಸಬಳಿಗೆ. ಆ ಹಳೆಯ ಮೈಕಿಗೆ ಲಕ್ಷಗಟ್ಟಲೆ ಬೆಲೆ. ಅದೇ ದನಿ ಕೊಡುವ ಹೊಸ ಮೈಕುಗಳು ಇಪ್ಪತ್ತು ಸಾವಿರದೊಳಗೆ ಸಿಗುತ್ತವಂತೆ. ಹೊಂದದೇ ಹೋಗಲಿ ದೇವರೇ ಎಂದು ದೀಪ ಹಚ್ಚುವಾಗ ನಾನು ಬೇಡಿಕೊಂಡೆ. ಆ ಗಂಟಲು ಒಮ್ಮೆಯಾದರೂ ಸೋಲುವುದನ್ನು ನೋಡಬೇಕಿತ್ತು.

ಮೈಕು ಕೊಳ್ಳಲು ಅತ್ತೆ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯ ಹಿತೇಶ್ ನಾಲ್ಕು ಮೈಕು ಸಾಲಾಗಿ ನಿಲ್ಲಿಸಿ, ಒಂದೊಂದರ ಗುಣಗಾನ ಶುರುಮಾಡಿದ. ಅತ್ತೆ ಕೈಯೆತ್ತಿ ಅವನ ಬಾಯಿ ಮುಚ್ಚಿಸಿದರು. ನಾಲ್ಕರಲ್ಲೂ ಅದೇ 'ಎಲ್ಲಿ ಸತ್ತಿದ್ದೀಯೇ' ಸಾಲು ಹೇಳಿ ರೆಕಾರ್ಡ್ ಮಾಡಿಸಿದರು. ಆಮೇಲೆ ಹೆಡ್‌ಫೋನ್ ತೆಗೆದು ನನ್ನ ಕೈಗೆ ತುರುಕಿದರು.

"ನನ್ನ ದನಿ ನಂಗೆ ಸರಿ ಗೊತ್ತಾಗುದಿಲ್ಲ, ಒಳಗಿಂದ ಕೇಳ್ತದೆ. ಯಕ್ಷಿತಾ, ನೀನು ಕೇಳು. ದಿನಾ ಬೈಗುಳ ತಿನ್ನುವವಳು ನೀನೇ ಅಲ್ವಾ."

ಸ್ಟೂಲಿನ ಮೇಲೆ ಕೂತೆ. ಎಲ್ಲಕ್ಕಿಂತ ಕೆಟ್ಟದ್ದು ಯಾವುದೋ ಅದನ್ನೇ ತೋರಿಸಬೇಕು ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಮೊದಲನೆಯದರಲ್ಲಿ ಅತ್ತೆ ಸ್ಟೀಲ್ ಡಬ್ಬಿಯೊಳಗೆ ಕೂತು ಬೈದ ಹಾಗಿತ್ತು. ಎರಡನೆಯದರಲ್ಲಿ 'ಸ' ಬಂದ ಕೂಡಲೇ ಕುಕ್ಕರ್ ಉಸಿರು ಬಿಟ್ಟ ಹಾಗೆ. ಇದೇ ಸರಿ, ಈ ಎರಡನೆಯದನ್ನೇ ಇವರ ತಲೆಗೆ ಕಟ್ಟುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಹಿತೇಶ್ ಮೂರನೆಯದನ್ನು ಹಾಕಿದ.

ನಾನು ಎದ್ದು ನಿಂತಿದ್ದೆ. "ಬಂದೆ ಅತ್ತೆ" ಎಂದು ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿಯೂ ಆಗಿತ್ತು. ಸ್ಟೂಲ್ ಹಿಂದೆ ಉರುಳಿ ಬಿತ್ತು.

ಈ ಸಲ ಅತ್ತೆ ನಗಲಿಲ್ಲ. ನನ್ನನ್ನೇ ನೋಡುತ್ತ ಹಿತೇಶನಿಗೆ "ಯಹೀ ದೋ" ಎಂದು ಮೂರನೆಯದನ್ನೇ ಕೊಡಲು ಹೇಳಿದರು.

ನಾಚಿಕೆಯಿಂದ ಸಾಯುವಂತಾಗಿತ್ತು. ಲೋಕಲ್ ಟ್ರೇನಿನಲ್ಲಿ ಕೂತ ಮೇಲೆ, "ಎರಡನೆಯದೇ ಚೆನ್ನಾಗಿತ್ತು" ಎಂದೆ.

"ನಿನ್ನ ಅಭಿಪ್ರಾಯ ಯಾರಿಗೆ ಬೇಕು ಮಾರಾಯ್ತಿ? ನಿನ್ನ ಕಾಲೇ ಹೇಳಿತಲ್ಲ" ಎಂದು ಅತ್ತೆ ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡರು.

ಸ್ಯಾಂಪಲ್ ಒಪ್ಪಿಗೆಯಾಯಿತು. ಸದ್ದು ಗೋಡೆಗೆ ಬಡಿಯಬಾರದೆಂದು ಮೈಕನ್ನು ನನ್ನ ಕಪಾಟಿನ ಬಾಗಿಲು ತೆರೆದು, ನನ್ನ ಸೀರೆಗಳ ಎದುರಿಗೇ ಇಟ್ಟಿದ್ದಾರೆ. ರೆಕಾರ್ಡಿಂಗ್ ಇದ್ದಾಗ ಈಗ ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ಚಿಲಕ ಶುರುವಾಗುವ ಮೊದಲು, ಆ ಸಾಲು ಕೇಳಿ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ, ಎರಡು ಸಲ ಅವರ ಟೇಕ್ ಹಾಳು ಮಾಡಿದ್ದೆ.