ಒಪ್ಪಿಗೆ ಯಾರದು, ಬೆರಳು ಯಾರದು

ರೇಷ್ಮೆ ಹುಳು ಸಾಕುವ ಮನೆಯ ಹೊಸ್ತಿಲ ಬಳಿ ಸುಣ್ಣದ ಪುಡಿ ಉದುರಿಸಿರುತ್ತಾರೆ, ನೋಡಿದ್ದೀರಾ? ಎಂಥ ಹತ್ತಿರದ ನೆಂಟರಾದರೂ ಅದನ್ನು ದಾಟಿ ಒಳಗೆ ಹೋಗುವಂತಿಲ್ಲ. ಹೊರಗಿನವರ ಕಾಲಿಗಂಟಿ ಬಂದ ರೋಗ ಹುಳುವಿಗೆ ತಗುಲಿತೆಂದರೆ ಆ ಬೆಳೆ ಮುಗಿಯಿತು. ವಕ್ಕಲೇರಿಯ ನಾರಾಯಣಪ್ಪನವರು ನನ್ನನ್ನು ಆ ಪುಡಿಯ ಈಚೆಗೇ ನಿಲ್ಲಿಸಿ, ‘ಬೇಜಾರು ಮಾಡ್ಕೋಬೇಡಿ ಸಾರ್, ಹುಳ ಜ್ವರಕ್ಕೆ ಕೂತವೆ’ ಎಂದರು. ಹುಳು ಮೇವು ಬಿಟ್ಟು, ಪೊರೆ ಕಳಚಲು ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರವೆನ್ನುತ್ತಾರೆ. ನನಗೆ ಬೇಜಾರೇನೂ ಆಗಲಿಲ್ಲ, ಆಶ್ಚರ್ಯವಾಯಿತು. ಹುಳುವನ್ನು ಇಷ್ಟು ಜೋಪಾನ ಮಾಡುವ ಮನುಷ್ಯ ತನ್ನ ಮಗಳ ಊರು, ಶಾಲೆ, ಮುಖ ಎಲ್ಲವನ್ನೂ ಕಂಡವರ ಮುಂದೆ ಹರವಿಟ್ಟಿದ್ದರು. ಅದನ್ನು ಹರವಿಟ್ಟ ಜಗಲಿ ನನ್ನದೇ ಎಂಬುದು ನನ್ನ ಸಂಕಟ.

ನಾನು ಮುಳಬಾಗಿಲಿನವನು, ಕೋಲಾರದಲ್ಲಿ ಲೆಕ್ಕಪತ್ರ ನೋಡಿಕೊಂಡು ಬದುಕುವವನು. ಸೋದರಮಾವನ ಹಿಪ್ಪುನೇರಳೆ ತೋಟದ ನೆಪದಲ್ಲಿ, ರೇಷ್ಮೆ ಬೆಳೆಯುವವರು ಪರಸ್ಪರ ಪ್ರಶ್ನೆ ಕೇಳಿಕೊಳ್ಳಲೆಂದು ಒಂದು ಚರ್ಚೆಯ ಜಾಲತಾಣ ತೆರೆದೆ. ಅಲ್ಲಿ ನಾರಾಯಣಪ್ಪನವರು ಒಂದು ದಿನ ಫೋಟೋ ಹಾಕಿದರು. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ, ಅಂದರೆ ಚಂದ್ರಿಕೆ, ಗೂಡು ತುಂಬಿ ನಿಂತಿದೆ, ಅದರ ಪಕ್ಕದಲ್ಲಿ ಶಾಲೆಯ ಸಮವಸ್ತ್ರ ತೊಟ್ಟ ಮಗಳು ಭವ್ಯ. ಕೆಳಗೆ ಹೆಮ್ಮೆಯ ಬರಹ: ‘ನಮ್ಮ ಹುಡುಗಿ ಒಂಬತ್ತನೇ ಕ್ಲಾಸು. ಉತ್ತರ ಟೈಪ್ ಮಾಡೋದು ಇವಳೇ. ಸಂಜೆ ಐದರ ಬಸ್ಸಿಗೆ ಬರ್ತಾಳೆ, ಆಮೇಲೆ ಕೇಳಿ.’ ಶಾಲೆಯ ಹೆಸರೂ ಇತ್ತು. ಅಂಗಡಿಯ ಬಾಗಿಲಿಗೆ ತೆರೆಯುವ ಹೊತ್ತು ಬರೆದು ತೂಗುಹಾಕುವಷ್ಟೇ ಮುಗ್ಧ ಕೆಲಸ ಅದು. ಆದರೆ ಯಾರೋ ಗುರುತಿಲ್ಲದ ಸದಸ್ಯ ಅದರ ಕೆಳಗೆ, ‘ಯಾವ ಸ್ಟಾಪಲ್ಲಿ ಇಳೀತೀಯಮ್ಮಾ?’ ಎಂದು ಕೇಳಿದ. ಹಿಪ್ಪುನೇರಳೆ ಸೊಪ್ಪಿನ ಮಾತಾಡಲು ಕೇಳಿದನೋ, ಬೇರೆ ಯಾತಕ್ಕೋ, ದೇವರಿಗೇ ಗೊತ್ತು. ಅವನನ್ನು ಹೊರಹಾಕಿ, ಬರಹವನ್ನೆಲ್ಲ ಅಳಿಸಿದೆ. ಫೋಟೋ ಹಾಗೇ ಉಳಿಯಿತು. ತಂದೆ ಹಾಕಿದ ಮಗಳ ಫೋಟೋ ಅಳಿಸಲು ನಾನು ಯಾರು?

ಆಗ ಜಾಲತಾಣಗಳಿಗೆಂದು ಸರ್ಕಾರ ಮಾಡಿದ ನಿಯಮಗಳನ್ನು ಓದಲು ಕೂತೆ. ಹದಿನೆಂಟು ತುಂಬದವರ ವಿವರ ಇಟ್ಟುಕೊಳ್ಳಬೇಕಾದರೆ ತಂದೆಯದೋ ತಾಯಿಯದೋ ಒಪ್ಪಿಗೆ ಬೇಕಂತೆ, ಆ ಒಪ್ಪಿಗೆ ಅವರದೇ ಎಂದು ಖಾತ್ರಿಯೂ ಆಗಬೇಕಂತೆ. ಓದುವಾಗ ಎಲ್ಲವೂ ಸರಿ. ಓದಿ ಮುಗಿಸಿ ನಮ್ಮೂರ ಕಡೆ ತಿರುಗಿದರೆ ತಲೆ ಗಿರ್ರೆನ್ನುತ್ತದೆ. ನಮ್ಮಲ್ಲಿ ಪ್ರಶ್ನೆ ಅಪ್ಪನದು, ಬೆರಳು ಮಗಳದು, ಫೋನು ಅಮ್ಮನದು, ಒಟಿಪಿ ಬರುವ ನಂಬರು ಚಿಕ್ಕಪ್ಪನದು. ಇವರಲ್ಲಿ ನನ್ನ ಸದಸ್ಯರು ಯಾರು ಸ್ವಾಮಿ? ಲೆಕ್ಕದವನಾದ ನನಗೆ ಯಾವುದನ್ನು ಯಾರ ಖಾತೆಗೆ ಹಾಕಬೇಕೆಂದೇ ತೋಚಲಿಲ್ಲ. ಮುಖಾಮುಖಿ ಕೇಳಿಬಿಡೋಣವೆಂದು ವಕ್ಕಲೇರಿಗೆ ಹೋದದ್ದು ಇದಕ್ಕೇ.

ಬಸ್ ಸ್ಟಾಪಿನ ಪ್ರಶ್ನೆಯನ್ನು ಹೇಳಿದಾಗ ನಾರಾಯಣಪ್ಪನವರು, ‘ಅವನನ್ನ ತೆಗೆದಾಕಿದ್ರಲ್ಲ, ಬಿಡಿ. ಫೋಟೋ ಇರ್ಲಿ ಸಾರ್, ನೆಂಟ್ರೆಲ್ಲ ನೋಡಿ ಖುಷಿಪಟ್ಟವ್ರೆ’ ಎಂದರು. ಹಾಗಾದರೆ ಒಪ್ಪಿಗೆ ಕೊಡಿ ಎಂದು ಫೋನಿನಲ್ಲಿ ಒಪ್ಪಿಗೆಯ ಪುಟ ತೆರೆದು ತೋರಿಸಿದೆ. ಸೊಪ್ಪು ಕೊಯ್ದ ಕೈಯನ್ನು ಪಂಚೆಗೆ ಒರೆಸಿಕೊಂಡು ಒಳಕ್ಕೆ ಕೂಗಿದರು: ‘ಅಮ್ಮಾಯೀ, ಸಾರ್ ಅದೇನೋ ನನ್ನ ಒಪ್ಪಿಗೆ ಕೇಳ್ತವ್ರೆ, ಬಂದು ಒತ್ತು!’

ಭವ್ಯ ಬಂದಳು, ಚಿಕ್ಕಪ್ಪನಿಗೆ ಫೋನು ಮಾಡಿ ಒಟಿಪಿ ಕೇಳಿದಳು, ತುಂಬಿದಳು, ಒತ್ತಿದಳು. ಮಗುವಿನ ಬಗ್ಗೆ ತಂದೆ ಕೊಡಬೇಕಾದ ಖಾತ್ರಿಯ ಒಪ್ಪಿಗೆಯನ್ನು ಮಗುವೇ ಕೊಟ್ಟಿತು. ನಗಬೇಕೆನಿಸಿತು, ಆಗಲಿಲ್ಲ.

ಹುಡುಗಿಯ ತಾಯಿ ಕೊಟ್ಟ ಕಾಫಿ ಕುಡಿದು ಹೊರಟಾಗ, ಭವ್ಯ ಗೇಟಿನವರೆಗೂ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: ‘ಒತ್ತಿದ್ದು ನಾನೇ ಸಾರ್. ಆದ್ರೆ ಬೇಕಾ ಅಂತ ನನ್ನ ಯಾರೂ ಕೇಳ್ಲಿಲ್ಲ. ಅವನು ಕೇಳಿದ್ಮೇಲೆ ನಾನು ಒಂದು ಸ್ಟಾಪ್ ಮುಂಚೇನೇ ಇಳಿದು ನಡ್ಕೊಂಡು ಬರ್ತಿದೀನಿ.’

ನಿಯಮದ ಪ್ರಕಾರ ಈಗ ನಾನು ನಿರಾಳ. ಒಪ್ಪಿಗೆ ಬಂದಿದೆ, ಖಾತ್ರಿಯಾಗಿದೆ. ಆದರೂ ಕೋಲಾರದ ಬಸ್ಸು ಹತ್ತಿದವನಿಗೆ ಕೂರಲೂ ಮನಸ್ಸಾಗಲಿಲ್ಲ. ನಿಯಮ ಬರೆದು ಹೆತ್ತವರಿಗೆ ಬೀಗದ ಕೈ ಕೊಟ್ಟವರು ತಪ್ಪು ಮಾಡಿದರೆನ್ನಲೇ? ನಾರಾಯಣಪ್ಪನವರಿಗಿಂತ ಅವಳನ್ನು ಹೆಚ್ಚು ಪ್ರೀತಿಸುವವರು ಯಾರಿದ್ದಾರೆ? ಹಾಗೆಂದು ಆ ಹುಡುಗಿ ದಿನಾ ಒಂದು ಸ್ಟಾಪು ನಡೆಯಬೇಕೇ? ನನಗೆ ಇವತ್ತಿಗೂ ಬಗೆಹರಿದಿಲ್ಲ. ಬಗೆಹರಿಯದೆಯೇ, ಬಸ್ಸಿನಲ್ಲಿ ನಿಂತುಕೊಂಡೇ, ಜಾಲತಾಣದಿಂದ ಆ ಫೋಟೋ ಅಳಿಸಿಬಿಟ್ಟೆ.

ಮರುದಿನ ಬೆಳಗ್ಗೆಯೇ ಅವರ ಫೋನು. ‘ಏನ್ಸಾರ್, ಒಪ್ಪಿಗೆ ಕೊಟ್ಮೇಲೂ ನಮ್ಮ ಪಾಪನ ಫೋಟೋ ತೆಗೆದಾಕ್ಬಿಟ್ಟಿದೀರ?’ ದನಿಯಲ್ಲಿ ಕೋಪಕ್ಕಿಂತ ನೋವಿತ್ತು. ಹೇಳಲು ನಿಯಮ ಹುಡುಕಿದೆ, ಸಿಗಲಿಲ್ಲ. ‘ಅವಳನ್ನು ಒಂದು ಮಾತು ಕೇಳಿ, ನಾರಾಯಣಪ್ಪನವರೇ. ಇರಲಿ ಅಂದರೆ ಈಗಲೇ ಹಾಕುತ್ತೇನೆ’ ಎಂದೆ.

ಆಚೆ ಕಡೆ ಫೋನಿನಿಂದ ದೂರ ಸರಿದ ಅವರ ದನಿ, ಮನೆಮಾತಾದ ತೆಲುಗಿನಲ್ಲಿ, ಮೆಲ್ಲಗೆ ಕೇಳಿತು: ‘ಏಮಂಟಾವಮ್ಮಾ?’ ಏನಂತೀಯಮ್ಮಾ, ಎಂದು.

ಭವ್ಯ ಏನೋ ಹೇಳತೊಡಗಿದಳು. ಅದು ನನಗೆ ಹೇಳಿದ್ದಲ್ಲ. ಫೋನಿಟ್ಟುಬಿಟ್ಟೆ.