ದೊಡ್ಡಮ್ಮನ ಕುಟ್ಟಾಣಿ

ಮೊನ್ನೆ ಯಾರದೋ ಮದುವೆಯೂಟ ಉಂಡು ಬಂದು ಹೊಟ್ಟೆ ಕೆಡಿಸಿಕೊಂಡೆ. ಮೆಡಿಕಲ್ ಸ್ಟೋರಿನವನು ಕೊಟ್ಟ ಭೇದಿ ಮಾತ್ರೆ ಇಷ್ಟು ದಪ್ಪ. ನುಂಗಲಾಗದೆ ಮುರಿಯಲು ಹೋದರೆ ಬೆರಳಲ್ಲೇ ಪುಡಿಯಾಯಿತು. ಆ ಕಹಿ ವಾಸನೆ ಮೂಗಿಗೆ ತಾಕಿದ್ದೇ ತಡ, ನಾನು ನಮ್ಮ ಅಡುಗೆಮನೆಯಲ್ಲಿ ಇರಲೇ ಇಲ್ಲ. ನಂಜನಗೂಡಿನ ಹಳೆಯ ಬೀದಿಯಲ್ಲಿ, ಎದುರುಮನೆ ದೊಡ್ಡಮ್ಮನ ಮಂಚದ ಪಕ್ಕದಲ್ಲಿದ್ದೆ, ಕೈಯಲ್ಲಿ ಕುಟ್ಟಾಣಿ ಹಿಡಿದುಕೊಂಡು...

ದೊಡ್ಡಮ್ಮ ನಮಗೆ ನೆಂಟರೇನಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಆ ಬೀದಿಗೆ ಬಂದಾಗ ಮೊದಲು ಮಾತಾಡಿಸಿದವರು. ಮಾತಾಡಿಸಿದರು ಅನ್ನುವುದಕ್ಕಿಂತ ವಿಚಾರಣೆ ನಡೆಸಿದರು ಅನ್ನಬೇಕು. ತವರು ಯಾವುದು, ಎಷ್ಟು ಹಾಲು ತಗೋತೀಯೆ, ಗಂಡ ಬಯ್ಯುತ್ತಾನೋ ಇಲ್ಲವೋ, ಎಲ್ಲ ಬೇಕು ಅವರಿಗೆ! ಮಧ್ಯಾಹ್ನದ ಊಟ ಮುಗಿದರೆ ಅರ್ಧ ಬೀದಿಯ ಹೆಂಗಸರು ಅವರ ಜಗಲಿಯ ಮೇಲೆಯೇ. ನಡುವೆ ಎಲೆಅಡಿಕೆ ತಟ್ಟೆ. ಹಲ್ಲು ಬಿದ್ದಿದ್ದರಿಂದ ದೊಡ್ಡಮ್ಮ ಎಲೆ, ಅಡಿಕೆ, ಹೊಗೆಸೊಪ್ಪು ಎಲ್ಲವನ್ನೂ ಪುಟ್ಟದೊಂದು ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆ ಟಕ್ ಟಕ್ ಶಬ್ದ ನಮ್ಮ ಮನೆಯೊಳಗೂ ಕೇಳುತ್ತಿತ್ತು.

ಹೊಗೆಸೊಪ್ಪು ಬಿಡಿ ಎಂದು ನಾನು ಹೇಳಿದ್ದುಂಟು. "ಅಲ್ಲೂ ಓದೊ, ಗಂಡ್ನೂ ಓದ. ಇದೊಂದ್ ಉಳ್ಕಂಡದೆ. ಇದ್ನೂ ಬುಡು ಅಂತೀಯಲ್ಲ ಕೂಸೇ" ಎಂದು ನಗುತ್ತಿದ್ದರು.

ಅವರಿಗೆ ಒಬ್ಬಳೇ ತಂಗಿ. ಟಿ. ನರಸೀಪುರಕ್ಕೆ ಕೊಟ್ಟಿದ್ದರು. ನಾವೆಲ್ಲ ಆಕೆಯನ್ನು ಚಿಕ್ಕಮ್ಮ ಅನ್ನುತ್ತಿದ್ದೆವು. ತಿಂಗಳಿಗೊಮ್ಮೆಯಾದರೂ ಬಸ್ಸು ಹತ್ತಿ ಬಂದು, ಅಕ್ಕನ ಪಕ್ಕ ಒತ್ತಿಕೊಂಡು ಕೂತು, ಅದೇ ಕುಟ್ಟಾಣಿಯಿಂದ ಪಾಲು ಕಿತ್ತುಕೊಂಡು ಬಾಯಿಗೆ ಹಾಕಿಕೊಳ್ಳುವ ಹೆಂಗಸು. ದೊಡ್ಡಮ್ಮ ಹೊಳೆಗೆ ಹೋದಾಗ ಎಲೆಅಡಿಕೆ ಉಗುಳುತ್ತಿದ್ದರು ಅನ್ನುವುದೇ ಆಕೆಯ ದೊಡ್ಡ ತಕರಾರು. "ನೀನಿಲ್ಲಿ ಉಗುದದ್ದೆಲ್ಲ ತೇಲ್ಕಂಡು ನಮ್ಮೂರ್ಗೇ ಬತ್ತದೆ ಕಣಕ್ಕಾ!" ಅನ್ನುವರು. ಇಬ್ಬರೂ ಸೆರಗು ಜಾರುವಷ್ಟು ನಗುವರು.

ಆಮೇಲೆ ಬಲಗೆನ್ನೆಯ ಒಳಗೆ ಹುಣ್ಣಾಯಿತು. ಖಾರ ತಿಂದಿದ್ದಕ್ಕೆ ಅಂದುಕೊಂಡರು. ಮೈಸೂರಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಕರೆಂಟು ಕೊಟ್ಟರು, ಇಂಜೆಕ್ಷನ್ ಕೊಟ್ಟರು, ಕೊನೆಗೆ ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಹುಣ್ಣು ಕೆನ್ನೆ ತೂತು ಮಾಡಿಕೊಂಡು ಹೊರಗೆ ಬಂತು.

ಮುಚ್ಚಿಟ್ಟು ಏನು ಪ್ರಯೋಜನ, ಹೇಳಿಬಿಡುತ್ತೇನೆ. ವಾಸನೆ. ಬೀದಿಯವರೆಗೂ ಬರುವ ವಾಸನೆ. ಮಗನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟು, ಸೊಸೆಗೆ ಗಾರ್ಮೆಂಟ್ಸ್ ಕೆಲಸ. ಸೊಸೆ ಪಾಪ ಬೆಳಿಗ್ಗೆ ಡೆಟಾಲ್ ಹಾಕಿ ನೆಲ ಒರೆಸಿ, ಸಾಂಬ್ರಾಣಿ ಹೊಗೆ ಹಾಕಿ ಹೋಗುತ್ತಿದ್ದಳು. ವಾಸನೆಗೆ ವಾಸನೆ ಸೇರಿ ಇನ್ನೂ ಕೆಟ್ಟದಾಗುತ್ತಿತ್ತು. ಜಗಲಿ ಖಾಲಿಯಾಯಿತು. ಯಾರಾದರೂ ಒಳಗೆ ಬಂದರೆ ದೊಡ್ಡಮ್ಮ ಬಲಗೆನ್ನೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡುಬಿಡುತ್ತಿದ್ದರು. ಮಗ ಬಂದರೂ ಅಷ್ಟೇ, ನಾನು ಹೋದರೂ ಅಷ್ಟೇ.

ಚಿಕ್ಕಮ್ಮ ಬಂದ ದಿನ ನಾನು ಅಲ್ಲೇ ಇದ್ದೆ. ಒಳಗೆ ಕಾಲಿಟ್ಟವರು ಹೊಸಿಲ ಹತ್ತಿರವೇ ಕೂತರು. ಸೆರಗು ಮೂಗಿಗೆ ಹೋಯಿತು. ಸ್ವಲ್ಪ ಹೊತ್ತಿಗೇ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಆಮೇಲೆ ಬರಲೇ ಇಲ್ಲ.

"ಮೂಗ್ ಮುಚ್ಕಂಡ್ಳು ಕಣೇ ಕೂಸೇ... ನನ್ ತಂಗಿ" ಎಂದರು ದೊಡ್ಡಮ್ಮ. ನೋವಿಗೂ ಅಳದ ಹೆಂಗಸು, ಅವತ್ತು ಅತ್ತರು. "ಒಂದ್ಸಲ ಬಂದು ಪಕ್ಕದಲ್ ಕೂತ್ಕಂಡ್ರೆ ಸಾಕಿತ್ತು." ಕೊನೆಯವರೆಗೆ ಅವರು ಕೇಳಿದ್ದು ಇಷ್ಟೇ.

ಅಷ್ಟರಲ್ಲಿ ಮೈಸೂರಿನಿಂದ ವಾರಕ್ಕೊಮ್ಮೆ ವ್ಯಾನಿನಲ್ಲಿ ಒಬ್ಬರು ನರ್ಸ್ ಬರತೊಡಗಿದರು. ಕಾಯಿಲೆ ವಾಸಿ ಮಾಡಲು ಬರುವವರಲ್ಲ, ಇರುವಷ್ಟು ದಿನ ನರಳದಂತೆ ನೋಡಿಕೊಳ್ಳಲು ಬರುವವರು. ನೋವಿಗೆ ಮಾರ್ಫಿನ್ ಮಾತ್ರೆ ಕೊಟ್ಟರು. ಚಮಚ ನೀರಿನಲ್ಲಿ ಕರಗಿಸಿ ಎಡಗೆನ್ನೆಯ ಕಡೆಯಿಂದ ಬಿಡಬೇಕು, ನೋವು ಬರಲೆಂದು ಕಾಯದೆ ಹೊತ್ತುಹೊತ್ತಿಗೆ ಕೊಡಬೇಕು. ಹಗಲಿನದು ನನ್ನ ಪಾಲಿಗೆ ಬಂತು. ಗಾಯದ ವಾಸನೆಗೆ ಅವರು ಕೊಟ್ಟದ್ದು ಮಾತ್ರ ಈ ಭೇದಿ ಮಾತ್ರೆ. ನುಣ್ಣಗೆ ಪುಡಿ ಮಾಡಿ ಗಾಯ ತೊಳೆದ ಮೇಲೆ ಉದುರಿಸಬೇಕಂತೆ. "ಒಟ್ಟೆ ಮಾತ್ರೆ ಕೆನ್ನೆಗಾ!" ಎಂದು ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ ಅನ್ನಿ.

ಪುಡಿ ಮಾಡಲು ಏನಿದೆ ಎಂದು ನೋಡಿದರೆ ಮೂಲೆಯಲ್ಲಿ ಕುಟ್ಟಾಣಿ. ಕುದಿಯುವ ನೀರಲ್ಲಿ ತೊಳೆದು ಒಣಗಿಸಿ ಕುಟ್ಟತೊಡಗಿದೆ. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಟಕ್ ಟಕ್ ಶಬ್ದ. ದೊಡ್ಡಮ್ಮ ಗೋಡೆಯ ಕಡೆಯಿಂದಲೇ, ತೊದಲುತ್ತ, "ಒಂಚೂರು ಒಗೆಸೊಪ್ ಆಕುಡು" ಎಂದರು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ನಂಬಿ, ಕೆಲವೇ ದಿನಗಳಲ್ಲಿ ವಾಸನೆ ಇಳಿಯಿತು. ಸಾಂಬ್ರಾಣಿ ನಿಂತಿತು. ಜಗಲಿಗೆ ಒಬ್ಬೊಬ್ಬರೇ ಹೆಂಗಸರು ಬರತೊಡಗಿದರು. ಸಂತೋಷಪಡಬೇಕಿತ್ತು, ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಎಲ್ಲಿ ಸತ್ತಿದ್ದರು ಇವರೆಲ್ಲ?

ಅದೇ ಸಿಟ್ಟಿನಲ್ಲಿ ನರಸೀಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಯ್ಯಬೇಕಾದ್ದನ್ನೆಲ್ಲ ಜೋಡಿಸಿಕೊಂಡು ಹೋಗಿ ಅಂಗಳದಲ್ಲೇ ನಿಂತು ಬೈದೆ. ಚಿಕ್ಕಮ್ಮ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು. "ಅವತ್ತು ಬಸ್‌ಸ್ಟ್ಯಾಂಡಲ್ಲಿ ವಾಂತಿ ಮಾಡ್ಕಂಡೆ ಕಣವ್ವ. ಒಡುಟ್ಟಿದ ಅಕ್ಕನ್ನ ನೋಡಿ ವಾಂತಿ ಮಾಡ್ಕಂಡೋಳು... ಯಾವ್ ಮೊಕ ಇಟ್ಕಂಡ್ ಬರ‍್ಲಿ?" ವಾಸನೆ ಹೋಗಿದೆ, ಬನ್ನಿ ಎಂದಷ್ಟೇ ಹೇಳಿ ಬಂದೆ.

ಧೈರ್ಯ ಮಾಡಿ ಬರಲು ಅವರಿಗೂ ಒಂದಷ್ಟು ದಿನ ಹಿಡಿಯಿತು. ಅಷ್ಟರಲ್ಲಿ ಇಲ್ಲಿ ಕಾಯಿಲೆ ಏರಿತ್ತು. ನೋವು ಹೆಚ್ಚಾಗಿ ನರ್ಸ್ ಮಾತ್ರೆಯನ್ನೂ ಹೆಚ್ಚಿಸಿದ್ದರು. ದೊಡ್ಡಮ್ಮ ಬಹುಪಾಲು ಮಂಪರಿನಲ್ಲೇ ಇರುತ್ತಿದ್ದರು. ಚಿಕ್ಕಮ್ಮ ಈ ಸಲ ಹೊಸಿಲಲ್ಲಿ ನಿಲ್ಲಲಿಲ್ಲ, ನೇರ ಮಂಚದ ಮೇಲೆ ಕೂತು "ಅಕ್ಕಾ" ಎಂದರು. ಕಣ್ಣು ತೆರೆಯಲಿಲ್ಲ.

ಮಧ್ಯಾಹ್ನದ ಮಾತ್ರೆಯ ಹೊತ್ತಾಗಿತ್ತು. ನಾನು ಚಮಚದಲ್ಲಿ ಕರಗಿಸಿಕೊಂಡಿದ್ದೆ. ಅವತ್ತು ಮನೆಯಲ್ಲಿದ್ದ ಮಗ ತಡೆದ. "ಒಸಿ ತಡೀರಕ್ಕ. ಇದ್ ಕೊಟ್ಬುಟ್ರೆ ಮತ್ತೆ ಮನೀಕಂಬುಡ್ತದೆ. ಎಚ್ಚರಾದ್ರೆ ಚಿಕ್ಕವ್ವನ್ ಜೊತೆ ಒಂದ್ ಮಾತಾದ್ರೂ ಆಡ್ಲಿ." ನನಗೂ ಹಾಗೇ ಅನ್ನಿಸಿತು. ಆ ಒಂದು ಆಸೆಗಾಗಿಯೇ ಅಲ್ಲವೆ ಜೀವ ಹಿಡಿದುಕೊಂಡಿರುವುದು? ತಡೆದೆವು.

ಎಚ್ಚರವೇನೋ ಬಂತು, ಆದರೆ ನೋವಿನ ಜೊತೆಗೇ ಬಂತು. ಹಣೆ ಗಂಟಾಯಿತು. ಕೈ ಹೊದಿಕೆಯನ್ನು ಹಿಂಡಿತು. ಅರೆತೆರೆದ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. "ಅಕ್ಕಾ, ನಾನು ಕಣೇ, ನಿನ್ ತಂಗಿ" ಎಂದರೆ ಬಾಯಿಂದ ಬಂದದ್ದು ಬರೀ ನರಳಾಟ. ಚಿಕ್ಕಮ್ಮ ಸರಕ್ಕನೆ ನನ್ನ ಕಡೆ ತಿರುಗಿದರು.

"ಅದೇನ್ ಚಮಚ ಇಡ್ಕಂಡ್ ನಿಂತಿದ್ದೀಯೆ? ಉಯ್ಯಿ! ನಂಗ್ ಮಾತೂ ಬ್ಯಾಡ, ಏನೂ ಬ್ಯಾಡ."

ಬಿಟ್ಟೆ. ಬಹಳ ಹೊತ್ತಿನ ಮೇಲೆ ಹಣೆ ಸಡಿಲವಾಯಿತು. ಚಿಕ್ಕಮ್ಮ ಕಣ್ಣೊರೆಸಿಕೊಂಡು ಕುಟ್ಟಾಣಿ ಎಳೆದುಕೊಂಡರು. ತಾವೇ ಭೇದಿ ಮಾತ್ರೆ ಕುಟ್ಟಿದರು, ತಾವೇ ಬಗ್ಗಿ ಗಾಯ ತೊಳೆದರು, ಪುಡಿ ಉದುರಿಸಿದರು. ಸೆರಗು ಸೊಂಟದಲ್ಲೇ ಇತ್ತು. ದೊಡ್ಡಮ್ಮನ ಬಲಗೆನ್ನೆ ತಂಗಿಯ ಕಡೆಗೇ ಇತ್ತು.

ಅಕ್ಕನ ಪಕ್ಕದಿಂದ ಚಿಕ್ಕಮ್ಮ ಆಮೇಲೆ ಏಳಲಿಲ್ಲ. ದೊಡ್ಡಮ್ಮ ಮತ್ತೆ ಮಾತಾಡಲಿಲ್ಲ. ಆ ವಾರದಲ್ಲೇ, ನರಳದೆ, ಹೋದರು...

ತಿಥಿ ಮುಗಿಸಿ ಹೊರಟಾಗ ಚಿಕ್ಕಮ್ಮನನ್ನು ಬಸ್ಸು ಹತ್ತಿಸಲು ಹೋದೆ. ಚೀಲದಲ್ಲಿ ಕುಟ್ಟಾಣಿ ಇತ್ತು, ಬೇರೇನೂ ಕೇಳಿರಲಿಲ್ಲ ಆಕೆ. ಕಿಟಕಿಯಿಂದ ಬಗ್ಗಿ, "ನಾ ಬಂದದ್ದು ಅವ್ಳ್ಗೆ ಗೊತ್ತಾಯ್ತೇನವ್ವ?" ಎಂದರು.

"ಗೊತ್ತಾಗದೆ ಏನು ಚಿಕ್ಕಮ್ಮ? ಯಾರು ಬಂದರೂ ಗೋಡೆ ಕಡೆ ತಿರುಗುತ್ತಿದ್ದವರು ನಿಮಗೆ ಮುಖ ತೋರಿಸಿದರಲ್ಲ" ಎಂದೆ. ಆಕೆಯ ಮುಖ ನೋಡಬೇಕಿತ್ತು ಆಗ. ಬಸ್ಸು ಹೊರಟಿತು.

ಚಿಕ್ಕಮ್ಮನೂ ಈಗಿಲ್ಲ. ಆ ಕುಟ್ಟಾಣಿ ಯಾರ ಮನೆಯ ಅಟ್ಟದಲ್ಲಿದೆಯೋ, ಗುಜರಿಗೆ ಹೋಯಿತೋ. ಮೊನ್ನೆ ಪುಡಿಯಾದ ಮಾತ್ರೆಯನ್ನು ನೀರಿಗೆ ಹಾಕಿ ಕುಡಿದು, ಬಾಯೆಲ್ಲ ಕಹಿ ಮಾಡಿಕೊಂಡೆ. ಇನ್ನು ಹೇಳಿದರೆ ನೋಯುವವರು ಯಾರೂ ಉಳಿದಿಲ್ಲ. ಅವತ್ತು ದೊಡ್ಡಮ್ಮನಿಗೆ ಕತ್ತು ತಿರುಗಿಸುವ ಶಕ್ತಿಯೇ ಇರಲಿಲ್ಲ. ಗಾಯ ತೊಳೆಯಲು ಅನುಕೂಲವಾಗಲೆಂದು ಬೆಳಿಗ್ಗೆಯೇ ಅವರ ಮುಖವನ್ನು ಈಚೆಗೆ ತಿರುಗಿಸಿ ಮಲಗಿಸಿದ್ದವಳು ನಾನು.